ಹಳೇ ಸೀರೆಯ ಅಂಗಿ, ಮಕ್ಕಳ ಥಂಡಿ: ಬಜಾರಿನವರು ಹೆದರಬೇಕಾ?

ವಿಜಯಪುರ: ಶನಿವಾರ ಬೆಳಗಿನ ಶಾಲೆಗೆ ಹೊರಟ ಮಕ್ಕಳನ್ನು ಯಾವುದೇ ಹಳ್ಳಿಯ ಕ್ರಾಸ್‌ನಲ್ಲಿ ನಿಂತು ನೋಡಿದರೆ ಸಾಕು, ಈ ಸಲದ ಥಂಡಿಯ ಲೆಕ್ಕ ಸಿಗುತ್ತದೆ. ಒಬ್ಬನ ಮೈಮೇಲೆ ಸ್ವೆಟರ್. ಇನ್ನೊಬ್ಬ ಅಪ್ಪನ ಶರ್ಟು ಹಾಕಿಕೊಂಡು ತೋಳು ಮಡಚಿದ್ದಾನೆ. ಮತ್ತೊಬ್ಬಳು ಅವ್ವನ ಟವೆಲನ್ನೇ ತಲೆಗೆ ಸುತ್ತಿಕೊಂಡಿದ್ದಾಳೆ. ಅವರ ಹಿಂದೆ ಸಮವಸ್ತ್ರದ ತೆಳು ಅಂಗಿಯ ಮೇಲೇ ಕೈಕಟ್ಟಿ ನಿಂತವರೂ ಇರುತ್ತಾರೆ.

ಥಂಡಿ ಬಂದಾಗಲೆಲ್ಲ ಮಾತು ಶುರುವಾಗುವುದು ಸ್ವೆಟರ್‌ನಿಂದ. ಆದರೆ ಈ ಜಿಲ್ಲೆಯ ಮನೆಗಳಲ್ಲಿ ಸ್ವೆಟರ್ ಬರುವ ಮೊದಲೂ ಮಕ್ಕಳು ಬೆಚ್ಚಗಿದ್ದರು. ಕೂಸಿಗೆ ಕುಲಾವಿ, ಬೆನ್ನಿನ ತನಕ ಇಳಿಯುವ ಕುಂಚಿಗೆ, ಮಲಗಲು ಕೌದಿ, ಹೊರಗೆ ಹೋದರೆ ಕಂಬಳಿ. ಎಲ್ಲಾ ಮನೆಯ ಅರಿವೆಯಲ್ಲೇ ಆಗುತ್ತಿತ್ತು. ಆ ಕೈಕೆಲಸ ಮತ್ತೆ ಬೇಕಾಗಿದೆಯೇ? ಬೇಕಾದರೆ ಬಟ್ಟೆ ಅಂಗಡಿಯವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆಯೇ? ಎರಡನ್ನೂ ಒಟ್ಟಿಗೇ ನೋಡಬೇಕಾದ ಹೊತ್ತಿದು.

ಇಲ್ಲಿನ ಥಂಡಿಯ ಗುಣವೇ ಬೇರೆ

ವಿಜಯಪುರ, ಬೀದರ್, ಕಲಬುರಗಿ ಸೀಮೆಯ ಚಳಿಗೂ ಉತ್ತರ ಭಾರತದ ಚಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಮಂಜು ಕವಿದರೆ ಇಡೀ ದಿನ ಚಳಿ. ಇಲ್ಲಿ ಹಾಗಲ್ಲ. ಡಿಸೆಂಬರ್, ಜನವರಿಯಲ್ಲಿ ಆಕಾಶ ಸ್ವಚ್ಛ, ಗಾಳಿ ಒಣ. ಹಗಲು ಕಾದ ಭೂಮಿ ರಾತ್ರಿ ಆ ಕಾವನ್ನು ತಡೆಯಿಲ್ಲದೆ ಮೇಲಕ್ಕೆ ಬಿಟ್ಟುಬಿಡುತ್ತದೆ. ಹಾಗಾಗಿ ಮಧ್ಯಾಹ್ನ 28-29 ಡಿಗ್ರಿ ಇದ್ದ ಊರಲ್ಲೇ ನಸುಕಿಗೆ ಉಷ್ಣಾಂಶ ಕೆಲವು ದಿನ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ.

ಹವಾಮಾನ ಇಲಾಖೆಯ ಅಳತೆಯಲ್ಲಿ ಬಯಲು ಸೀಮೆಯ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಷ್ಟು ಕುಸಿದರೆ ಅದು ಶೀತಗಾಳಿ. ಆದರೆ ಆ ಹೆಸರು ಬರದ ದಿನವೂ ಮಗುವಿಗೆ ಚಳಿ ಚಳಿಯೇ. ಸಣ್ಣ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ. ಕೂಸುಗಳಿಗಂತೂ ತಲೆಯಿಂದಲೇ ಬಹಳಷ್ಟು ಕಾವು ಹೋಗುತ್ತದೆ. ಹಿರಿಯರು ಮೊದಲು ಕುಲಾವಿ ಹೊಲಿದು ಆಮೇಲೆ ಅಂಗಿ ಹೊಲಿದದ್ದು ಸುಮ್ಮನೆ ಅಲ್ಲ.

ಅಂದ್ರೆ ಇಲ್ಲಿನದು ಹೆಚ್ಚೆಂದರೆ ನಾಲ್ಕೈದು ತಾಸಿನ ಥಂಡಿ. ನಸುಕಿನಿಂದ ಬಿಸಿಲು ಏರುವವರೆಗೆ. ದಪ್ಪ ಜಾಕೆಟ್ ಹಾಕಿಸಿ ಕಳಿಸಿದರೆ ಹನ್ನೊಂದಕ್ಕೆ ಮಗು ಅದನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುತ್ತದೆ, ಇಲ್ಲಾಂದ್ರೆ ಶಾಲೆಯಲ್ಲೇ ಮರೆತು ಬರುತ್ತದೆ. ಈ ಸೀಮೆಗೆ ಬೇಕಾದ್ದು ಹಗುರಾದ, ಮುಂದೆ ಬಿಚ್ಚುವ, ಮಡಚಿ ಚೀಲಕ್ಕೆ ಹಾಕಬಹುದಾದ ಬಟ್ಟೆ. ಮನೆಯಲ್ಲಿ ಹೊಲಿದ ತೋಳಿಲ್ಲದ ಹಾಫ್ ಜಾಕೆಟ್ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಲೆಕ್ಕ ಹಾಕಿದರೆ

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಸಮವಸ್ತ್ರ, ಪಠ್ಯಪುಸ್ತಕ, ಶೂ-ಸಾಕ್ಸ್ ಬರುತ್ತವೆ. ಸ್ವೆಟರ್ ಆ ಪಟ್ಟಿಯಲ್ಲಿಲ್ಲ. ಅದು ಪೂರ್ತಿ ತಂದೆ-ತಾಯಿಯ ಜವಾಬ್ದಾರಿ.

ಒಂದು ಸಾಧಾರಣ ಸ್ವೆಟರ್ 400 ರೂಪಾಯಿ ಎಂದೇ ಹಿಡಿಯೋಣ. 2025-26ರಲ್ಲಿ ರಾಜ್ಯದ ನರೇಗಾ ದಿನಗೂಲಿ 370 ರೂಪಾಯಿ. ಒಂದು ಸ್ವೆಟರ್‌ಗೆ ಒಂದು ದಿನದ ದುಡಿಮೆ ಸಾಲದು. ಮನೆಯಲ್ಲಿ ಮೂರು ಮಕ್ಕಳಿದ್ದರೆ 1,200 ರೂಪಾಯಿ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳಲ್ಲೂ ಅದರ ಅರ್ಧಕ್ಕಿಂತ ಹೆಚ್ಚು ಇಲ್ಲಿಗೇ ಹೋಯಿತು. ಮೇಲಾಗಿ ಬೆಳೆಯುವ ಮಕ್ಕಳು. ಈ ವರ್ಷದ್ದು ಮುಂದಿನ ವರ್ಷಕ್ಕೆ ಗಿಡ್ಡ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದಿದೆಯಲ್ಲ, ಸ್ವೆಟರ್ ಅಗ್ಗವಾಗಬೇಕಿತ್ತಲ್ಲ ಎಂದು ಕೇಳುವವರಿದ್ದಾರೆ. ಅಲ್ಲೊಂದು ಸೂಕ್ಷ್ಮವಿದೆ. ಸಾವಿರ ರೂಪಾಯಿಯೊಳಗಿನ ಸಿದ್ಧ ಉಡುಪಿಗೆ ಮೊದಲೂ ಶೇ 5ರಷ್ಟೇ ತೆರಿಗೆ ಇತ್ತು, ಈಗಲೂ ಅಷ್ಟೇ. ಲಾಭವಾದದ್ದು ಸಾವಿರದಿಂದ 2,500 ರೂಪಾಯಿವರೆಗಿನ ಬಟ್ಟೆ ಕೊಳ್ಳುವವರಿಗೆ. ಅವರಿಗೆ ಶೇ 12 ಇದ್ದದ್ದು ಶೇ 5 ಆಯಿತು. 400 ರೂಪಾಯಿಯ ಮಕ್ಕಳ ಸ್ವೆಟರ್‌ಗೆ ಫರಕ್ ಏನೂ ಬಿದ್ದಿಲ್ಲ.

ಕಬ್ಬಿನ ಹೊಲದ ಬದಿ ಗುಡಿಸಲು ಹಾಕಿಕೊಂಡಿರುವ ಕಟಾವು ಕೂಲಿಗಳ ಮಕ್ಕಳು, ದುಡಿಮೆಗೆ ಗುಳೆ ಹೋದವರು ಅಜ್ಜ-ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳು, ಇವರಿಗೆ ಈ ಲೆಕ್ಕ ಇನ್ನೂ ಬಿಗಿ. ಥಂಡಿಯಲ್ಲಿ ಕಫ, ಕೆಮ್ಮು, ಜ್ವರ ಅಂತ ಒಂದು ಸಲ ದವಾಖಾನೆಗೆ ಹೋದರೆ ಒಂದು ಸ್ವೆಟರ್‌ನ ದುಡ್ಡು ಅಲ್ಲೇ ಖರ್ಚಾಗುತ್ತದೆ.

ಕೌದಿಯ ಬುದ್ಧಿ

ಕೌದಿ ಬೆಚ್ಚಗಿರುವುದು ಬಟ್ಟೆಯ ದಪ್ಪದಿಂದ ಅಷ್ಟೇ ಅಲ್ಲ. ಪದರ-ಪದರದ ನಡುವೆ ನಿಲ್ಲುವ ಗಾಳಿಯಿಂದ. ಗಾಳಿ ಅಲುಗಾಡದೆ ನಿಂತರೆ ಮೈಯ ಕಾವು ಹೊರಗೆ ಹೋಗುವುದಿಲ್ಲ. ಸಾಲು-ಸಾಲು ಟಾಕಿ ಹಾಕುವುದರ ಗುಟ್ಟೂ ಇದೇ. ಪದರಗಳು ಜಾರದಂತೆ, ಗಾಳಿ ಒಂದೇ ಕಡೆ ಸೇರದಂತೆ ಅದು ಹಿಡಿದಿಡುತ್ತದೆ. ಒಂದು ದಪ್ಪ ಅಂಗಿಗಿಂತ ಮೂರು ತೆಳು ಪದರ ಬೆಚ್ಚಗೆ ಎನ್ನುವುದು ಇದಕ್ಕೇ.

ಮಗುವಿನ ಅಂಗಿಗೆ ಹಾಸಿಗೆಯ ಕೌದಿಯಷ್ಟು ದಪ್ಪ ಬೇಡ. ಮೂರು ಪದರ ಸಾಕು. ಮೈಗೆ ತಾಗುವ ಒಳಪದರಕ್ಕೆ ಒಗೆದು-ಒಗೆದು ಮೆತ್ತಗಾದ ಹಳೇ ಧೋತರ ಅಥವಾ ನೂಲಿನ ಸೀರೆ. ನಡುವೆ ಹರಿದ ಸ್ವೆಟರ್, ಸವೆದ ಚಾದರ, ಹಳೇ ಟವೆಲ್, ಯಾವುದಾದರೂ ಸರಿ. ಹೊರಗೆ ಗಾಳಿ ತಡೆಯುವಂಥ ಒತ್ತು ನೇಯ್ಗೆಯ ಬಟ್ಟೆ. ಹಳೇ ಪ್ಯಾಂಟಿನದ್ದು ಇದಕ್ಕೆ ಚೆನ್ನಾಗಿ ಆಗುತ್ತದೆ.

ಕಂಬಳಿಯ ತುಂಡಿದ್ದರೆ ನಡುವಿನ ಪದರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮ ಭಾಗದ ಡೆಕ್ಕನಿ ಕುರಿಯ ಉಣ್ಣೆ ಒರಟು, ನೇರ ಮೈಗೆ ಹಾಕಿದರೆ ಮಕ್ಕಳಿಗೆ ಚುಚ್ಚುತ್ತದೆ. ಅದೇ ಎರಡು ಮೆತ್ತನೆ ಬಟ್ಟೆಯ ನಡುವೆ ಕೂತರೆ ಚುಚ್ಚುವುದಿಲ್ಲ, ಕಾವು ಮಾತ್ರ ಉಳಿಯುತ್ತದೆ. ಉಣ್ಣೆಗೆ ಇನ್ನೊಂದು ಗುಣವಿದೆ. ತನ್ನ ತೂಕದ ಶೇ 30ರಷ್ಟು ತೇವ ಹೀರಿದರೂ ಅದು ಪೂರ್ತಿ ತಣ್ಣಗಾಗುವುದಿಲ್ಲ. ನೂಲು ಹಾಗಲ್ಲ, ಒದ್ದೆಯಾದರೆ ಮೈಯ ಕಾವನ್ನೇ ಎಳೆಯುತ್ತದೆ. ಅದಕ್ಕೇ ಉಚ್ಚೆ ಹೊಯ್ದುಕೊಂಡ ಕೂಸಿನ ಬಟ್ಟೆ ಕೂಡಲೇ ಬದಲಿಸಬೇಕು, ಮೇಲೆ ಎಷ್ಟು ಹೊದಿಸಿದರೂ ಒಳಗೆ ಒದ್ದೆ ಇದ್ದರೆ ಪ್ರಯೋಜನ ಇಲ್ಲ.

ಅಳತೆಗೆ ಮಗುವಿನ ಈಗಿನ ಅಂಗಿಯನ್ನೇ ಬಟ್ಟೆಯ ಮೇಲಿಟ್ಟು ಸುತ್ತಲೂ ಎರಡು ಬೆರಳು ಬಿಟ್ಟು ಗುರುತು ಮಾಡಿದರೆ ಆಯಿತು. ಮೂರೂ ಪದರ ಕೂಡಿಸಿ ಒಂದೊಂದು ಬೆರಳು ಅಂತರದಲ್ಲಿ ಟಾಕಿ. ಭುಜ ಮತ್ತು ಬಗಲಲ್ಲಿ ಒಳಗೆ ಒಂದಿಷ್ಟು ಬಟ್ಟೆ ಮಡಚಿಟ್ಟು ಹೊಲಿದರೆ ಮುಂದಿನ ವರ್ಷ ಬಿಚ್ಚಿ ದೊಡ್ಡದು ಮಾಡಬಹುದು. ಅಂಗಡಿಯ ಸ್ವೆಟರ್‌ಗೆ ಈ ಸೌಲಭ್ಯ ಇಲ್ಲ.

ಹರಿದ ಸ್ವೆಟರ್‌ನ ತೋಳು ಬಿಸಾಡುವಂಥದ್ದಲ್ಲ. ಒಂದು ತುದಿ ಹೊಲಿದು ಮುಚ್ಚಿದರೆ ಟೊಪ್ಪಿಗೆ, ಎರಡೂ ತುದಿ ಬಿಟ್ಟರೆ ಸಣ್ಣವರ ಕಾಲಿಗೆ ಮೊಣಕಾಲ ತನಕ ಚೀಲ. ಬೆರಳು ಹರಿದ ದೊಡ್ಡವರ ಸಾಕ್ಸ್‌ನಲ್ಲಿ ಕೂಸಿನ ಕೈಗವಸು ಆಗುತ್ತದೆ. ಗುಳೇದಗುಡ್ಡದ ಖಣ ಮನೆಯಲ್ಲಿ ಉಳಿದಿದ್ದರೆ ಅದಕ್ಕೆ ಮೆತ್ತನೆಯ ಒಳಬಟ್ಟೆ ಕೊಟ್ಟು ಕುಂಚಿಗೆ ಹೊಲಿಯುವ ಅಜ್ಜಿಯಂದಿರು ಊರೂರಿನಲ್ಲಿ ಇನ್ನೂ ಇದ್ದಾರೆ. ಅವರ ಕೈ ನಡೆಯುವಾಗಲೇ ಕಲಿತುಕೊಳ್ಳಬೇಕು.

ಎಚ್ಚರ ಇಲ್ಲಿ ಬೇಕು

ಮನೆಯ ಬಟ್ಟೆ ಅಂದ ಮಾತ್ರಕ್ಕೆ ಎಲ್ಲವೂ ಸುರಕ್ಷಿತ ಅಲ್ಲ. ಮೊದಲನೆಯದು ಬೆಂಕಿ. ಥಂಡಿಗೆ ಮಕ್ಕಳು ಕಸ, ರವದಿ ಹಚ್ಚಿ ಕಾಯಿಸಿಕೊಳ್ಳುತ್ತಾರೆ, ಒಲೆಯ ಮುಂದೆ ಕೂರುತ್ತಾರೆ. ಪಾಲಿಯೆಸ್ಟರ್, ಅಕ್ರಿಲಿಕ್ ಬಟ್ಟೆಗೆ ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಯಾವ ಬಟ್ಟೆ ಯಾವುದು ಎಂದು ತಿಳಿಯಲು ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದು ನೋಡಬಹುದು. ಕಾಗದದಂತೆ ಉರಿದು ಬೂದಿಯಾದರೆ ನೂಲು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕರಗಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್ ಜಾತಿ. ಜೋಲಾಡುವ ಸೆರಗು, ಅಂಚು ಮಕ್ಕಳ ಅಂಗಿಗೆ ಬೇಡವೇ ಬೇಡ.

ಎರಡನೆಯದು ಕುತ್ತಿಗೆ. ಕುಲಾವಿ, ಕುಂಚಿಗೆಯ ಲಾಡಿ ಗಿಡ್ಡ ಇರಬೇಕು, ಮಲಗಿಸುವಾಗ ಬಿಚ್ಚಬೇಕು. ಉದ್ದ ದಾರ ಆಟದಲ್ಲಿ, ಜೋಲಿಯಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಗುಂಡಿ ಸಡಿಲವಿದ್ದರೆ ಸಣ್ಣವರು ಕಿತ್ತು ಬಾಯಿಗೆ ಹಾಕುತ್ತಾರೆ.

ಮೂರನೆಯದು ಕೂಸಿನ ನಿದ್ದೆ. ವರ್ಷದೊಳಗಿನ ಮಗುವಿನ ಮುಖದ ಹತ್ತಿರ ಭಾರದ ಕೌದಿ, ಸಡಿಲ ಚಾದರ ಇಡಬಾರದು, ಉಸಿರು ಕಟ್ಟಬಹುದು. ದೊಡ್ಡವರು ಹಾಕಿಕೊಂಡಿದ್ದಕ್ಕಿಂತ ಒಂದು ಪದರ ಹೆಚ್ಚು ಹಾಕಿದರೆ ಸಾಕು. ಎದೆ, ಬೆನ್ನು ಮುಟ್ಟಿ ನೋಡಿದಾಗ ಬೆವರಿದ್ದರೆ ಒಂದು ಪದರ ತೆಗೆಯಬೇಕು. ಹುಟ್ಟಿ ಕೆಲವೇ ದಿನವಾದ, ತೂಕ ಕಡಿಮೆ ಇರುವ ಕೂಸಿಗೆ ತಾಯಿಯ ಎದೆಗೆ ಮೈ ತಾಗಿಸಿ ಇಟ್ಟುಕೊಳ್ಳುವುದು ಯಾವ ಬಟ್ಟೆಗಿಂತಲೂ ದೊಡ್ಡ ಕಾವು. ಮೈ ತಣ್ಣಗಾಗಿ ಹಾಲು ಕುಡಿಯದಿದ್ದರೆ ತಡ ಮಾಡದೆ ದವಾಖಾನೆಗೆ ಹೋಗಬೇಕು.

ಮತ್ತೆ, ಪೆಟ್ಟಿಗೆಯಲ್ಲಿ ಬಿದ್ದಿದ್ದ ಹಳೇ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಎರಡು ದಿನ ಕಡಕ್ ಬಿಸಿಲಿಗೆ ಹಾಕದೆ ಹೊಲಿಗೆಗೆ ತರಬಾರದು. ಧೂಳು, ನುಸಿ ಮಕ್ಕಳ ಕೆಮ್ಮನ್ನು ಹೆಚ್ಚಿಸುತ್ತವೆ. ಉಣ್ಣೆ ಮಾತ್ರ ಬಿಸಿನೀರಿಗೆ ಕುಗ್ಗುತ್ತದೆ, ಅದಕ್ಕೆ ತಣ್ಣೀರು ಮತ್ತು ಬಿಸಿಲು ಸಾಕು.

ಅಂಗಡಿಯವರಿಗೆ ನಷ್ಟವೇ?

ತಾಲ್ಲೂಕು ಬಜಾರಿನಲ್ಲಿ ಥಂಡಿ ವ್ಯಾಪಾರದ ಸೀಸನ್ ಸಣ್ಣದು. ದೀಪಾವಳಿ ಮುಗಿದ ಮೇಲೆ ಶುರುವಾಗಿ ಸಂಕ್ರಾಂತಿ, ಸಿದ್ಧೇಶ್ವರ ಜಾತ್ರೆ ಹೊತ್ತಿಗೆ ಮುಗಿಯುತ್ತದೆ. ಉಳಿದ ಮಾಲು ಒಂದು ವರ್ಷ ದುಡ್ಡನ್ನು ಹಿಡಿದಿಡುತ್ತದೆ. ಇನ್ನೊಂದು ಕಡೆ ಲುಧಿಯಾನದ ಮಾಲು ತಂದು ಮಾರುವ ಟಿಬೆಟಿಯನ್ ವ್ಯಾಪಾರಿಗಳು, ಫುಟ್‌ಪಾತ್‌ನವರು, ಆನ್‌ಲೈನ್. ಇದರ ನಡುವೆ ‘ಮನೆಯಲ್ಲೇ ಹೊಲಿಯಿರಿ’ ಅಂದರೆ ಅಂಗಡಿಯವರಿಗೆ ಸಿಟ್ಟು ಬರುವುದು ಸಹಜ.

ಆದರೆ ನಿಧಾನವಾಗಿ ನೋಡಿದರೆ ಚಿತ್ರ ಬೇರೆಯೇ ಇದೆ. ಹಳೇ ಸೀರೆಯಲ್ಲಿ ಅಂಗಿ ಹೊಲಿಯುವ ಮನೆ ಬಹಳಷ್ಟು ಸಲ ಸ್ವೆಟರ್ ಕೊಳ್ಳುವ ಗಿರಾಕಿಯೇ ಆಗಿರುವುದಿಲ್ಲ. ದುಡ್ಡಿಲ್ಲದೆ ಮಗುವನ್ನು ಹಾಗೇ ಕಳಿಸುವ ಮನೆ ಅದು. ಆ ಮನೆ ಹೊಲಿಯಲು ಕೂತರೆ ದಾರ, ಸೂಜಿ, ಜಿಪ್, ಎಲಾಸ್ಟಿಕ್, ಗುಂಡಿ ಕೊಳ್ಳಲು ಬಜಾರಿಗೇ ಬರಬೇಕು. ಒಳಪದರಕ್ಕೆ ಮೆತ್ತನೆಯ ಕಟ್‌ಪೀಸ್ ಬೇಕು. ಒಂದು ಮೀಟರ್ ಫ್ಲಾನೆಲ್ ಮಾರಿದರೂ ಅದು ಹೊಸ ವ್ಯಾಪಾರವೇ, ಹಳೆಯದರ ನಷ್ಟ ಅಲ್ಲ. ಜಿಪ್, ದಾರ, ಎಲಾಸ್ಟಿಕ್, ಒಳಬಟ್ಟೆಯ ತುಂಡು ಕೂಡಿಸಿ ಒಂದೇ ಪೊಟ್ಟಣ ಕಟ್ಟಿ ಗಲ್ಲೆಯ ಪಕ್ಕ ಇಟ್ಟರೆ ಗಿರಾಕಿಗೂ ಅನುಕೂಲ. ಇವು ಕೆಡುವ ಮಾಲಲ್ಲ. ಸೀಸನ್ ಮುಗಿದರೂ ಮಾರಾಟ ನಿಲ್ಲುವುದಿಲ್ಲ.

ದರ್ಜಿಗಳಿಗಂತೂ ಇದು ನೇರ ಕೆಲಸ. ಎಲ್ಲರ ಮನೆಯಲ್ಲೂ ಹೊಲಿಯಲು ಬರುವುದಿಲ್ಲ, ಬಂದರೂ ಪುರುಸೊತ್ತು ಇರುವುದಿಲ್ಲ. ಬಟ್ಟೆ ಮನೆಯದ್ದು, ಹೊಲಿಗೆ ಕೂಲಿ ಮಾತ್ರ ದರ್ಜಿಯದು. ರೆಡಿಮೇಡ್ ಬಂದ ಮೇಲೆ ಆಲ್ಟ್ರೇಷನ್‌ಗೆ ಇಳಿದ ಮಷಿನ್‌ಗಳಿಗೆ ಎರಡು ತಿಂಗಳ ಕೆಲಸ ಸಿಕ್ಕಂತಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳೂ ಸೇರಿದ್ದಾರೆ. ಸಲಕರಣೆಗೆ 15,000 ರೂಪಾಯಿ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲ ಹಂತಕ್ಕೆ 1 ಲಕ್ಷ ರೂಪಾಯಿವರೆಗೆ ಸಾಲ ಅದರಲ್ಲಿದೆ.

ಕೀಲಿ ಇರುವುದು ಶಾಲೆಯ ಕೈಯಲ್ಲಿ

ಇಷ್ಟೆಲ್ಲ ಆದರೂ ಒಂದು ಮಾತು ಉಳಿಯುತ್ತದೆ. ಅವ್ವ ರಾತ್ರಿ ಕೂತು ಹೊಲಿದ ಹಾಫ್ ಜಾಕೆಟ್ ಹಾಕಿಕೊಂಡು ಹೋದ ಮಗುವಿಗೆ ಶಾಲೆಯ ಬಾಗಿಲಲ್ಲಿ ‘ಇದು ಯೂನಿಫಾರ್ಮ್ ಅಲ್ಲ, ಬಿಚ್ಚು’ ಅಂದರೆ? ಪಕ್ಕದ ಹುಡುಗರು ‘ಕೌದಿ ಹಾಕ್ಕೊಂಡು ಬಂದಾನ ನೋಡ್ರೋ’ ಅಂತ ನಕ್ಕರೆ? ಮರುದಿನ ಆ ಜಾಕೆಟ್ ಪೆಟ್ಟಿಗೆ ಸೇರುತ್ತದೆ, ಮಗು ನಡುಗುತ್ತಲೇ ಬರುತ್ತದೆ. ಚಳಿಗಿಂತ ಜೋರಾಗಿ ಮಕ್ಕಳಿಗೆ ತಾಗುವುದು ಈ ನಗು.

ಇದಕ್ಕೆ ದೊಡ್ಡ ಆದೇಶಕ್ಕಾಗಿ ಕಾಯಬೇಕಿಲ್ಲ. ಶಾಲಾಭಿವೃದ್ಧಿ ಸಮಿತಿ ಕೂತು, ಥಂಡಿ ಇರುವಷ್ಟು ದಿನ ಯಾವ ಬಣ್ಣದ ಬೆಚ್ಚನೆ ಬಟ್ಟೆಯಾದರೂ ನಡೆಯುತ್ತದೆ ಎಂದು ಪಾಲಕರಿಗೆ ಮೊದಲೇ ಹೇಳಬಹುದು. ಹೊರಪದರಕ್ಕೆ ಹಳೇ ಸಮವಸ್ತ್ರದ ಬಟ್ಟೆಯನ್ನೇ ಬಳಸಿದರೆ ಬಣ್ಣವೂ ಹೊಂದುತ್ತದೆ, ಅಣ್ಣನ ಗಿಡ್ಡವಾದ ಪ್ಯಾಂಟು ತಮ್ಮನ ಜಾಕೆಟ್ ಆಗುತ್ತದೆ. ಶನಿವಾರದ ಪ್ರಾರ್ಥನೆಯನ್ನು ನೆರಳಿನ ಬದಲು ಬಿಸಿಲು ಬೀಳುವ ಕಡೆ ಮಾಡುವುದಕ್ಕೆ ದುಡ್ಡೇನೂ ಬೇಕಿಲ್ಲ. ಮಹಿಳಾ ಸಂಘಗಳು ಮನೆ-ಮನೆಯ ಹಳೇ ಬಟ್ಟೆ ಒಟ್ಟು ಮಾಡಿ ಒಂದೇ ಮಾದರಿಯ ಹತ್ತಿಪ್ಪತ್ತು ಜಾಕೆಟ್ ಹೊಲಿದುಕೊಟ್ಟರೆ ಯಾವುದು ಬಡವರ ಮಗುವಿನದು ಎಂಬ ಗುರುತೂ ಉಳಿಯುವುದಿಲ್ಲ.

ಸ್ವೆಟರ್ ಕೊಳ್ಳುವ ಶಕ್ತಿ ಇದ್ದವರು ಕೊಳ್ಳಲಿ, ಅಂಗಡಿಯೂ ನಡೆಯಬೇಕು. ಶಕ್ತಿ ಇಲ್ಲದ ಮನೆಯ ಪೆಟ್ಟಿಗೆಯಲ್ಲೂ ಒಂದು ಹಳೇ ಸೀರೆ ಇದ್ದೇ ಇರುತ್ತದೆ. ಒಂದು ಜಾಕೆಟ್‌ಗೆ ಎರಡು-ಮೂರು ಸಂಜೆ ಬೇಕು. ಈ ವಾರ ಕೂತರೆ ಮುಂದಿನ ಶನಿವಾರದ ಬೆಳಗಿನ ಶಾಲೆಗೆ ಅದು ಮಗುವಿನ ಮೈಮೇಲೆ ಇರುತ್ತದೆ.