ಕಮಾಂಡ್ ಓಡ್ತು, ಸೇವ್ ಆಯ್ತಾ?

ಹೋದ ವರ್ಷ ಸಂಬಳದ ಲೆಕ್ಕ ನಡೆಯೋ ರಾತ್ರಿ ನಮ್ಮ ವರ್ಚುವಲ್ ಮಷಿನ್ ಆಮೆ ತರ ತೆವಳ್ತಿತ್ತು. ಲಿನಕ್ಸ್ ಕೆವಿಎಂ ಸರ್ವರ್‌ನಲ್ಲಿ ‘ವರ್ಶ್ ಸೆಟ್‌ವಿಸಿಪಿಯುಸ್’ ಕಮಾಂಡ್‌ಗೆ ‘--ಲೈವ್’ ಸೇರಿಸಿ, ಸಿಪಿಯು 2 ಇದ್ದದ್ದನ್ನು 4 ಮಾಡಿದೆ. ಕೆಲಸ ಸರಾಗ. ಎಲ್ಲರೂ ಭೇಷ್ ಅಂದ್ರು, ನಾನು ಮಲಗಿದೆ.

ಮೂರು ವಾರ ಬಿಟ್ಟು ಮೇಂಟೆನೆನ್ಸ್‌ಗೆಂದು ಆ ಮಷಿನ್ ಪೂರ್ತಿ ಆಫ್ ಮಾಡಿ ಆನ್ ಮಾಡಿದ್ರು. ಸಿಪಿಯು ಮತ್ತೆ 2! ಬೈಸಿಕೊಂಡಿದ್ದು ಮಾತ್ರ ಆ ದಿನ ಶಿಫ್ಟ್‌ನಲ್ಲಿದ್ದ ಹೊಸ ಹುಡುಗಿ.

ತಪ್ಪು ನನ್ನದು. ‘--ಲೈವ್’ ಬದಲಾಯಿಸೋದು ಈಗ ಓಡ್ತಿರೋ ಮಷಿನ್ ಮಾತ್ರ. ‘--ಕಾನ್ಫಿಗ್’ ಬರೆದಿಡೋದು ಮುಂದಿನ ಸ್ಟಾರ್ಟ್‌ಗೆ. ಎರಡನ್ನೂ ಒಟ್ಟಿಗೇ ಕೊಡಬಹುದು. ಮಷಿನ್ ಒಳಗಿಂದ ರೀಬೂಟ್ ಮಾಡಿದ್ರೆ ವ್ಯತ್ಯಾಸ ಗೊತ್ತಾಗಲ್ಲ, ಪೂರ್ತಿ ಆಫ್ ಆದಾಗಲೇ ಬಣ್ಣ ಬಯಲು. ಅದಕ್ಕೇ ಬದಲಾಯಿಸಿದ ಮೇಲೆ ‘ವರ್ಶ್ ವಿಸಿಪಿಯುಕೌಂಟ್’ ಹೊಡೆದು ನೋಡಿ. 4 ಸಾಲು ಬರುತ್ತೆ: ಗರಿಷ್ಠ ಸಂಖ್ಯೆ, ಈಗಿನ ಸಂಖ್ಯೆ, ಲೈವ್‌ನಲ್ಲೂ ಕಾನ್ಫಿಗ್‌ನಲ್ಲೂ. ಈಗಿನ ಸಂಖ್ಯೆ ಎರಡೂ ಕಡೆ ಒಂದೇ ಇದ್ರೆ ನಿಶ್ಚಿಂತೆ.

ಐಬಿಎಂ ಪವರ್ ಸರ್ವರ್‌ನ ಲಾಜಿಕಲ್ ಪಾರ್ಟಿಷನ್‌ನಲ್ಲೂ ಇದೇ ಕಥೆ. ಓಡ್ತಿರೋ ಪಾರ್ಟಿಷನ್‌ಗೆ ಮೆಮೊರಿ ಸೇರಿಸಿದ್ರೂ ಅದು ಪ್ರೊಫೈಲ್‌ಗೆ ಸೇವ್ ಆಗದಿದ್ರೆ, ಆಫ್ ಮಾಡಿ ಅದೇ ಪ್ರೊಫೈಲ್‌ನಿಂದ ಎಬ್ಬಿಸಿದಾಗ ಹಳೇ ಲೆಕ್ಕವೇ.

ನಿಜ ಏನೂಂತ ಮ್ಯಾನೇಜರ್‌ಗೆ ಹೇಳಿ, ಆ ಹುಡುಗಿಯ ಕ್ಷಮೆ ಕೇಳಿದೆ. ಈಗ ನಾನು ಏನೇ ಬದಲಾಯಿಸಿದ್ರೂ ಅವಳದ್ದು ಒಂದೇ ಪ್ರಶ್ನೆ: “ಕಾನ್ಫಿಗ್‌ಗೂ ಹಾಕಿದ್ರಾ ಸರ್?”