ಮೋಟರ್ ಸುಟ್ಟರೆ ಬೋರ್‌ವೆಲ್ ಮುಚ್ಚುತ್ತೇವಾ? ಲ್ಯಾಪ್‌ಟಾಪ್‌ಗೂ ಅದೇ ಲೆಕ್ಕ

ಹೊಲದ ಮೋಟರ್ ಸುಟ್ಟರೆ ಏನು ಮಾಡುತ್ತೇವೆ? ಪೈಪ್ ಎತ್ತಿಸಿ, ಮೋಟರ್ ಒಯ್ದು ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸುತ್ತೇವೆ. ಅದಕ್ಕಾಗಿ ಯಾರೂ ಬೋರ್‌ವೆಲ್ ಮುಚ್ಚಿ ಇನ್ನೊಂದು ಕೊರೆಸುವುದಿಲ್ಲ. ಟ್ರ್ಯಾಕ್ಟರ್‌ನ ಕ್ಲಚ್ ಪ್ಲೇಟ್ ಸವೆದರೆ ಪ್ಲೇಟ್ ಹಾಕಿಸುತ್ತೇವೆ, ಟ್ರ್ಯಾಕ್ಟರ್ ಮಾರುವುದಿಲ್ಲ. ಆದರೆ ಮನೆಯ ಲ್ಯಾಪ್‌ಟಾಪ್ ಆನ್ ಆಗಲು ಐದು ನಿಮಿಷ ತೆಗೆದುಕೊಂಡಿತು ಅಂದರೆ ಸಾಕು, 'ಅದರ ಕಾಲ ಮುಗೀತು' ಅಂದುಬಿಡುತ್ತೇವೆ. ಸಂಘದಲ್ಲಿ ಸಾಲ ಎತ್ತಿಯೋ, ಕಂತಿನ ಮೇಲೋ ಹೊಸದು ತರುತ್ತೇವೆ. ಹಳೆಯದು ಅಟ್ಟ ಸೇರುತ್ತದೆ.

ಇದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಎನ್ನುವುದು ನಮ್ಮ ವಾದ. ನಿಧಾನವಾದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ. ಅವುಗಳ ಒಂದು ಬಿಡಿಭಾಗ ಹಳತಾಗಿರುತ್ತದೆ, ಅಷ್ಟೇ. ಅದರ ಹೆಸರು ಹಾರ್ಡ್ ಡಿಸ್ಕ್.

ಸುದ್ದಿ, ಫೋಟೊ, ವಿಡಿಯೊ ಕಳುಹಿಸಿ ಹೊಟ್ಟೆ ಹೊರೆಯುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಇದು ಬರೀ ಮಾತಲ್ಲ, ಜೇಬಿನ ಪ್ರಶ್ನೆ. ಡಿಗ್ರಿ ಓದುವ ಮಗಳಿಗೆ, ಡಿಟಿಪಿ ಅಂಗಡಿ ಇಟ್ಟವರಿಗೆ, ಮದುವೆ ಫೋಟೊ ತೆಗೆಯುವ ಸ್ಟುಡಿಯೊದವರಿಗೆ, ಗ್ರಾಮ ಒನ್ ಕೇಂದ್ರ ನಡೆಸುವವರಿಗೆ ಕೂಡ.

ನಿಧಾನ ಯಾಕೆ?

ಹಳೆಯ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಒಳಗೆ ನಿಜವಾಗಿಯೂ ತಿರುಗುವ ತಟ್ಟೆ ಇರುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಅದರ ಮೇಲೆ ಸಣ್ಣ ತೋಳೊಂದು ಆಚೀಚೆ ಓಡಾಡಿ ಮಾಹಿತಿ ಹುಡುಕುತ್ತದೆ. ಪ್ರತಿ ಹುಡುಕಾಟಕ್ಕೆ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಬೇಕು. ಕೇಳಲು ಸಣ್ಣದು, ಆದರೆ ವಿಂಡೋಸ್ ಎದ್ದೇಳುವಾಗ ಸಾವಿರಾರು ಚೂರು ಫೈಲುಗಳನ್ನು ಒಟ್ಟಿಗೆ ಕೇಳುತ್ತದೆ. ತೋಳು ಒಂದೇ, ಕೇಳುವವರು ಸಾವಿರ. ರೇಷನ್ ಅಂಗಡಿ ಮುಂದಿನ ಸಾಲಿನ ಹಾಗೆ.

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ನಿಮ್ಮ ಮೊಬೈಲ್ ಒಳಗಿರುವಂಥದ್ದೇ ಚಿಪ್. ಹುಡುಕಾಟದ ಹೊತ್ತು ನೂರು ಪಟ್ಟು ಕಡಿಮೆ. ಹಳೆಯ ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸು ಓದಿದರೆ, ಸಾಟಾ ಎಸ್‌ಎಸ್‌ಡಿ 500 ಎಂಬಿ ದಾಟುತ್ತದೆ. ಐದು ನಿಮಿಷಕ್ಕೆ ಏಳುತ್ತಿದ್ದ ಯಂತ್ರ ಅರ್ಧ ನಿಮಿಷದ ಆಸುಪಾಸಿನಲ್ಲಿ ಎದ್ದು ಕೂರುವುದು ಇದರಿಂದಲೇ.

ಹಣ ಬಿಚ್ಚುವ ಮುಂಚೆ ಪರೀಕ್ಷೆ

ಎಲ್ಲ ರೋಗಕ್ಕೂ ಎಸ್‌ಎಸ್‌ಡಿಯೇ ಮದ್ದಲ್ಲ. ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಂತ್ರ ಒದ್ದಾಡುತ್ತಿರುವಾಗ ಡಿಸ್ಕ್ 100% ತೋರಿಸಿ, ಸಿಪಿಯು ಮಾತ್ರ ಸುಮ್ಮನಿದ್ದರೆ ತಪ್ಪು ಡಿಸ್ಕಿನದು. ಮೆಮೊರಿ 90% ದಾಟಿದ್ದರೆ ರ್‍ಯಾಮ್ ಸಾಲುತ್ತಿಲ್ಲ. ಎರಡೂ ಸರಿಯಿದ್ದು ಫ್ಯಾನ್ ಮಾತ್ರ ಹಿಟ್ಟಿನ ಗಿರಣಿಯಂತೆ ಅರಚುತ್ತಿದ್ದರೆ ಒಳಗೆ ದೂಳು ತುಂಬಿದೆ. ಸ್ವಚ್ಛ ಮಾಡಿಸಿ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಬದಲಿಸಿದರೆ ಸಾಕು.

ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಇದೆ. 'ಗುಡ್' ಅಂದರೆ ನೆಮ್ಮದಿ. 'ಕಾಷನ್' ಅಂತ ಹಳದಿ ಬಂದರೆ ಅವತ್ತೇ ಫೈಲುಗಳನ್ನು ಬೇರೆಡೆ ನಕಲು ಮಾಡಿ. ಒಳಗಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಪ್ರತಿ ಸಲವೂ ಹಾನಿ ಹೆಚ್ಚುತ್ತದೆ.

ಯಂತ್ರ ಆನ್ ಆಗುತ್ತಲೇ ಇಲ್ಲವೇ? 'ಮದರ್‌ಬೋರ್ಡ್ ಹೋಗಿದೆ' ಎಂಬ ಮಾತು ನಂಬುವ ಮೊದಲು ಇಷ್ಟು ಮಾಡಿ. ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಮಾತ್ರ ಹಾಕಿ ನೋಡಿ. ಅದೇ ಅಳತೆಯ ಬೇರೆ ಚಾರ್ಜರ್ ಸಿಕ್ಕರೆ ಹಾಕಿ ನೋಡಿ. ಲೈಟ್ ಬಂದು ಪರದೆ ಕಪ್ಪಾಗಿದ್ದರೆ ಎಚ್‌ಡಿಎಂಐ ವೈರಿನಿಂದ ಮನೆಯ ಟಿವಿಗೆ ಜೋಡಿಸಿ. ಟಿವಿಯಲ್ಲಿ ಚಿತ್ರ ಬಂದರೆ ಕೆಟ್ಟಿರುವುದು ಪರದೆ ಅಥವಾ ಅದರ ಕೇಬಲ್, ಬೋರ್ಡ್ ಅಲ್ಲ. ಟಿವಿಯಲ್ಲೂ ಬರದಿದ್ದರೆ ರ್‍ಯಾಮ್ ತೆಗೆದು, ಒರೆಸಿ, ಗಟ್ಟಿಯಾಗಿ ಕೂರಿಸಿ ನೋಡಬೇಕು. ಸಡಿಲ ರ್‍ಯಾಮ್‌ನಿಂದ 'ಸತ್ತ' ಯಂತ್ರಗಳು ಕಡಿಮೆಯಿಲ್ಲ.

ಹಳ್ಳಿಯಲ್ಲಿ ಮೊದಲ ಶತ್ರು ಕರೆಂಟ್

ಪೇಟೆಯ ಯೂಟ್ಯೂಬ್ ವಿಡಿಯೊಗಳು ಹೇಳದ ಒಂದು ಮಾತಿದೆ. ನಮ್ಮಲ್ಲಿ ಎಷ್ಟೋ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಹೋಗಿ ವರ್ಷಗಳಾಗಿವೆ. ಚಾರ್ಜರ್ ಮೇಲೆ ನೇರ ಓಡುತ್ತಿರುತ್ತವೆ. ಕರೆಂಟ್ ಹೋದ ಕ್ಷಣ ಯಂತ್ರವೂ ಹೋಗುತ್ತದೆ. ಡಿಸ್ಕಿನ ಮೇಲೆ ಏನೋ ಬರೆಯುತ್ತಿರುವಾಗಲೇ ಹೀಗಾದರೆ ಫೈಲ್ ಹಾಳಾಗುತ್ತದೆ, ಕೆಲವೊಮ್ಮೆ ವಿಂಡೋಸೇ ಏಳುವುದಿಲ್ಲ. ಎಸ್‌ಎಸ್‌ಡಿ ಹಾಕಿದರೂ ಈ ಕಾಟ ತಪ್ಪದು. ಹಾಗಾಗಿ ಬ್ಯಾಟರಿ ಹತ್ತು ನಿಮಿಷವಾದರೂ ನಿಲ್ಲದಿದ್ದರೆ ಬ್ಯಾಟರಿಗೂ ಹಣ ಎತ್ತಿಡಿ, ಇಲ್ಲವೇ ಸಣ್ಣ ಯುಪಿಎಸ್ ಇಡಿ. ಬ್ಯಾಟರಿ ಉಬ್ಬಿ ಕೀಬೋರ್ಡ್ ಮೇಲೆದ್ದಿದ್ದರೆ ಚಾರ್ಜ್ ಮಾಡುವುದನ್ನು ಅವತ್ತೇ ನಿಲ್ಲಿಸಿ. ಅದು ಬೆಂಕಿಯ ವಿಷಯ.

ಯಾವುದನ್ನು ಕೊಳ್ಳಬೇಕು?

ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಅದೇ ಜಾಗದಲ್ಲಿ ಕೂರುತ್ತದೆ. ಸ್ವಲ್ಪ ಹೊಸ ಯಂತ್ರಗಳಲ್ಲಿ ಎಂ.2 ಎಂಬ ಸೀಳು ಇರುತ್ತದೆ. ಬಬಲ್‌ಗಮ್ ಪಟ್ಟಿಯಂತಿರುವ, 22 ಮಿ.ಮೀ ಅಗಲ, 80 ಮಿ.ಮೀ ಉದ್ದದ ಡ್ರೈವ್ ಅದಕ್ಕೆ. ಇಲ್ಲಿ ಒಂದು ಎಚ್ಚರ: ಎಂ.2 ರೂಪದಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಬಗೆ ಇವೆ. ನೋಡಲು ಒಂದೇ ಥರ, ಆದರೆ ಎಲ್ಲ ಸೀಳುಗಳೂ ಎರಡನ್ನೂ ಒಪ್ಪುವುದಿಲ್ಲ. ನಿಮ್ಮ ಮಾಡೆಲ್ ಸಂಖ್ಯೆ ಹಾಕಿ ಕಂಪನಿಯ ಮ್ಯಾನ್ಯುಯಲ್ ನೋಡಿಯೇ ಕೊಳ್ಳಿ. ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಇಎಂಎಂಸಿ ಎಂಬ ಸ್ಟೋರೇಜ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಅದನ್ನು ಬದಲಿಸಲಾಗದು.

ಆನ್‌ಲೈನಿನಲ್ಲಿ ನಂಬಲಾಗದ ಬೆಲೆಗೆ 2 ಟಿಬಿ, 4 ಟಿಬಿ ಡ್ರೈವ್ ಕಂಡರೆ ಕೈ ಹಾಕಬೇಡಿ. ಒಳಗೆ ಸಣ್ಣ ಚಿಪ್ ಇಟ್ಟು ದೊಡ್ಡ ಅಂಕಿ ತೋರಿಸುವ ನಕಲಿ ಮಾಲು ಬಹಳ ಇದೆ. ನೀವು ಹಾಕಿದ ಫೈಲ್ ಇದ್ದಂತೆ ಕಾಣುತ್ತದೆ, ತೆರೆದರೆ ಬರಿದು. ಓದು, ಬರಹ, ಫೋಟೊಗೆ 256 ಅಥವಾ 512 ಜಿಬಿಯ ಅಸಲಿ ಡ್ರೈವ್ ಸಾಕು.

ಮೊದಲು ನಕಲು, ಆಮೇಲೆ ಸ್ಕ್ರೂಡ್ರೈವರ್

ಡಿಸ್ಕಿಗೆ ಅಂಗಡಿಯಲ್ಲಿ ಬೆಲೆ ಇದೆ. ಅದರೊಳಗಿನ ಅಪ್ಪನ ಕೊನೆಯ ಫೋಟೊಗೆ, ಜಮೀನಿನ ಪತ್ರದ ಸ್ಕ್ಯಾನಿಗೆ, ಹತ್ತು ವರ್ಷ ನುಡಿಯಲ್ಲಿ ಟೈಪ್ ಮಾಡಿಟ್ಟ ಫೈಲುಗಳಿಗೆ ಬೆಲೆ ಇಲ್ಲ. ಡಿಸ್ಕ್ ಸತ್ತ ಮೇಲೆ ಡೇಟಾ ತೆಗೆಸಲು ಓಡಾಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಎಸ್‌ಎಸ್‌ಡಿಯಂತೂ ಎಷ್ಟೋ ಸಲ ಸದ್ದಿಲ್ಲದೆ, ಸೂಚನೆ ಕೊಡದೆ ಹೋಗಿಬಿಡುತ್ತದೆ. ಮುಖ್ಯವಾದದ್ದರ ಎರಡು ನಕಲು ಬೇರೆ ಬೇರೆ ಕಡೆ ಇರಲಿ. ಯಂತ್ರದಲ್ಲಿ ಬಿಟ್‌ಲಾಕರ್ ಆನ್ ಆಗಿದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ನಿಮ್ಮ ಫೈಲಿಗೆ ನೀವೇ ಹೊರಗಿನವರಾಗುತ್ತೀರಿ.

ಬಿಚ್ಚುವ ಕೆಲಸ ಕಷ್ಟದ್ದಲ್ಲ. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಕಬ್ಬಿಣದ ಕಿಟಕಿಯನ್ನೊಮ್ಮೆ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಕಳೆದುಕೊಳ್ಳಿ. ಯಾವ ಸ್ಕ್ರೂ ಎಲ್ಲಿಯದೆಂದು ಕಾಗದದ ಮೇಲೆ ಚಿತ್ರ ಬರೆದು ಅಲ್ಲಲ್ಲೇ ಇಡಿ, ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹೊಸ ಡಿಸ್ಕ್ ಕೂರಿಸಿದ ಮೇಲೆ ಕಾಣಿಸದಿದ್ದರೆ ಮೊದಲು ಬಯಾಸ್‌ನಲ್ಲಿ ಹೆಸರು ಬಂದಿದೆಯೇ ನೋಡಿ. ಬಂದಿಲ್ಲವೆಂದರೆ ಸರಿಯಾಗಿ ಕೂತಿಲ್ಲ, ಇಲ್ಲವೇ ನಿಮ್ಮ ಸೀಳಿಗೆ ಹೊಂದುವ ಬಗೆಯಲ್ಲ. ಬಂದಿದೆಯೆಂದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇನಿಷಿಯಲೈಸ್ ಮಾಡಬೇಕು. ಆದರೆ ಹಳೆಯ, ಫೈಲು ತುಂಬಿದ ಡಿಸ್ಕ್ ಜೋಡಿಸಿದಾಗ 'ಫಾರ್ಮ್ಯಾಟ್ ಮಾಡಲೇ' ಎಂದು ಕೇಳಿದರೆ ಯಾವ ಕಾರಣಕ್ಕೂ ಹೌದು ಅನ್ನಬೇಡಿ.

ಅಂಗಡಿಗೆ ಕೊಟ್ಟರೆ

ಧೈರ್ಯ ಬರದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ, ತಪ್ಪಿಲ್ಲ. ಕೈಕೆಲಸ ಬಲ್ಲವರಿಗೆ ಕೂಲಿ ಕೊಡಲೇಬೇಕು, ಚೌಕಾಸಿ ಮಾಡಿ ಅವರ ಹೊಟ್ಟೆಗೆ ಹೊಡೆಯುವುದು ಬೇಡ. ಆದರೆ ಲೆಕ್ಕ ಕೇಳುವುದು ನಮ್ಮ ಹಕ್ಕು. ಕೊಡುವ ಮುಂಚೆ ರ್‍ಯಾಮ್ ಎಷ್ಟು, ಡಿಸ್ಕಿನ ಸೀರಿಯಲ್ ನಂಬರ್ ಏನು ಎಂದು ಬರೆದಿಟ್ಟುಕೊಳ್ಳಿ. 8 ಜಿಬಿ ಹೋಗಿ 4 ಜಿಬಿ ಬರುವ ಕಥೆಗಳು ನಮ್ಮ ತಾಲ್ಲೂಕಿನಲ್ಲೂ ಕೇಳಿಬರುತ್ತವೆ. 'ಅಣ್ಣಾ, ಬಿಲ್ ಕೊಡಿ, ವಾರಂಟಿ ಬರೆದುಕೊಡಿ, ಹಳೇ ಡಿಸ್ಕ್ ನಮಗೇ ಕೊಡಿ' ಅನ್ನಲು ಸಂಕೋಚ ಬೇಡ.

ಹಳೆಯ ಡಿಸ್ಕ್ ಯಾಕೆ ಬೇಕು? ಅದರಲ್ಲಿ ನಿಮ್ಮ ಆಧಾರ್, ಪಾಸ್‌ಬುಕ್, ಮಕ್ಕಳ ಫೋಟೊ ಎಲ್ಲ ಇದೆ. ಡಿಲೀಟ್ ಮಾಡಿದರೂ, ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಗೊತ್ತಿದ್ದವರು ತೆಗೆಯಬಲ್ಲರು. ಡಿಸ್ಕ್ ಇನ್ನೂ ಗಟ್ಟಿಯಿದ್ದರೆ ಯುಎಸ್‌ಬಿ ಡಬ್ಬಿಯೊಂದಕ್ಕೆ ಹಾಕಿದರೆ ಅದೇ ನಿಮ್ಮ ಬ್ಯಾಕಪ್. ಕೊಡಲೇಬೇಕೆಂದರೆ ಕ್ವಿಕ್ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ.

ಮೋಸವಾಯಿತೇ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ಆದರೆ ಬಿಲ್ ಇಲ್ಲದೆ ವಾದ ನಿಲ್ಲುವುದು ಕಷ್ಟ.

ರಿಪೇರಿ ನಮ್ಮ ಹಕ್ಕು

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯ ಅದರಲ್ಲಿವೆ. ಒಳ್ಳೆಯದೇ. ಆದರೆ ಪೋರ್ಟಲ್ ಇದ್ದರೆ ಸಾಲದು. ರ್‍ಯಾಮ್, ಸ್ಟೋರೇಜ್ ಬೆಸುಗೆ ಹಾಕಿ ಮಾರುವ ಯಂತ್ರಗಳ ಪೆಟ್ಟಿಗೆಯ ಮೇಲೆ 'ಇದನ್ನು ಬದಲಿಸಲಾಗದು' ಎಂದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯುವುದು ಕಡ್ಡಾಯವಾಗಬೇಕು. ರಿಪೇರಿಯ ಮ್ಯಾನ್ಯುಯಲ್ ಕನ್ನಡದಲ್ಲಿ ಸಿಗಬೇಕು. ಇವು ಅತಿಯಾಸೆಯ ಬೇಡಿಕೆಗಳಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಟಿಪಿಎಂ 2.0 ಕೇಳುವುದರಿಂದ ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳು ಅರ್ಹತೆ ಕಳೆದುಕೊಂಡವು. ಅವುಗಳಿಗೆ ಎಸ್‌ಎಸ್‌ಡಿ ಹಾಕಿ, ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿದರೆ ಓದು, ಬರಹ, ಇಂಟರ್ನೆಟ್ ಸಲೀಸಾಗಿ ನಡೆಯುತ್ತದೆ, ಭದ್ರತೆಯ ಅಪ್‌ಡೇಟೂ ಸಿಗುತ್ತದೆ. ನುಡಿ, ಫೋಟೊಶಾಪ್ ಬಿಟ್ಟಿರಲಾಗದ ಡಿಟಿಪಿಯವರಿಗೆ ಇದು ಹೊಂದದು, ಅದನ್ನೂ ಒಪ್ಪುತ್ತೇವೆ.

ಎಲ್ಲವನ್ನೂ ಉಳಿಸಬೇಕೆಂಬ ಹಟ ನಮ್ಮದಲ್ಲ. ನೀರು ಹೋಗಿ ಬೋರ್ಡ್ ಕೊಳೆತಿದ್ದರೆ, ಕೀಲು, ಪರದೆ, ಬ್ಯಾಟರಿ ಮೂರೂ ಹೋಗಿದ್ದರೆ, ರಿಪೇರಿಯ ಖರ್ಚು ಒಳ್ಳೆಯ ಸೆಕೆಂಡ್‌ಹ್ಯಾಂಡ್ ಯಂತ್ರದ ಅರ್ಧ ಬೆಲೆ ದಾಟಿದರೆ ಬಿಟ್ಟುಬಿಡಿ. ಆದರೆ ತಿಪ್ಪೆಗೆ ಎಸೆಯಬೇಡಿ, ಸುಡಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದರ ವಿಲೇವಾರಿಯ ಹೊಣೆಯಲ್ಲಿ ತಯಾರಕರೂ ಪಾಲುದಾರರು.

ಕಡೆಯದಾಗಿ ಒಂದು ಸಲಹೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರ. ಕೆಲ ವರ್ಷಗಳ ಹಿಂದೆ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಉಚಿತವಾಗಿ ಸಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಅಟ್ಟ ಸೇರಿದವೂ ಇವೆ. ಊರಲ್ಲಿ ಐಟಿಐ, ಡಿಪ್ಲೊಮಾ ಓದಿ ಕೆಲಸ ಹುಡುಕುತ್ತಿರುವ ಮಕ್ಕಳಿದ್ದಾರೆ. ತಿಂಗಳಿಗೊಂದು ಭಾನುವಾರ ಈ ಮೂರನ್ನೂ ಒಂದೇ ಮೇಜಿಗೆ ತರಲು ಬೇಕಿರುವುದು ಒಂದು ಸ್ಕ್ರೂಡ್ರೈವರ್ ಸೆಟ್ ಮತ್ತು ಪಂಚಾಯಿತಿಯ ಒಂದು ಠರಾವು. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು ಕೇಳಿ. ಪಿಡಿಒ ಏನಂದರೆಂದು ನಮಗೆ ತಿಳಿಸಿ, ಬರೆಯುವುದು ನಮ್ಮ ಕೆಲಸ.