ಹಾಸಿಗೆಗೆ 5 ಲಕ್ಷ, ಎದ್ದು ನಡೆಯಲು?

ಗಾರೆ ಕೆಲಸ ಮಾಡುವ ಒಬ್ಬರಿಗೆ ಲಕ್ವ ಹೊಡೆಯಿತು ಅಂತಿಟ್ಟುಕೊಳ್ಳಿ. ಬಿಪಿಎಲ್ ಕಾರ್ಡ್ ಇದೆ. ‘ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಚಿಕಿತ್ಸೆ ಸಿಕ್ಕಿ ಜೀವ ಉಳಿಯುತ್ತದೆ. ಕೆಲವು ದಿನಗಳಲ್ಲಿ ಡಿಸ್ಚಾರ್ಜ್. ಚೀಟಿಯ ಕೊನೆಯಲ್ಲಿ ಒಂದು ಸಾಲು: ‘ಫಿಸಿಯೋಥೆರಪಿ ಮುಂದುವರಿಸಿ’. ಎಲ್ಲಿ, ಯಾರ ಹತ್ತಿರ, ಯಾರ ದುಡ್ಡಲ್ಲಿ ಅನ್ನೋದು ಮಾತ್ರ ಅದರಲ್ಲಿ ಇರುವುದಿಲ್ಲ.

ಇಲ್ಲಿ ಬೇಕಾಗುವವರು ಪಿಎಂಆರ್, ಅಂದರೆ ಪುನಶ್ಚೇತನ ವೈದ್ಯರು. ವ್ಯಾಯಾಮ ಮಾಡಿಸುವುದು ಫಿಸಿಯೋಥೆರಪಿಸ್ಟ್ ಕೆಲಸ. ಬಿಗಿಯಾದ ಕೈಕಾಲಿಗೆ ಔಷಧಿ, ನುಂಗಲು ಆಗದಿದ್ದರೆ ಏನು ಮಾಡಬೇಕು, ಮೂತ್ರದ ತೊಂದರೆ, ಹಾಸಿಗೆ ಹುಣ್ಣು, ಕಾಲಿಗೆ ಯಾವ ಪಟ್ಟಿ, ಮಾತಿನ ಥೆರಪಿ ಯಾವಾಗ ಇವನ್ನೆಲ್ಲ ಒಟ್ಟಿಗೆ ನೋಡುವವರು ಪಿಎಂಆರ್ ವೈದ್ಯರು. ಲಕ್ವದ ನಂತರ ಚೇತರಿಕೆ ಹೆಚ್ಚಾಗಿ ಆಗುವುದು ಮೊದಲ ಕೆಲವು ತಿಂಗಳಲ್ಲೇ. ಆ ತಿಂಗಳುಗಳು ಡಾಕ್ಟರನ್ನು ಹುಡುಕುವುದರಲ್ಲೇ ಕಳೆದರೆ, ಆಗುವ ನಷ್ಟ ಜೀವನಪೂರ್ತಿ.

‘ಕಾರ್ಡ್ ತಗೊಳ್ಳೋ ಪಿಎಂಆರ್ ಡಾಕ್ಟರ್ ಯಾರಿದ್ದಾರೆ?’ ಎಂದು ಜನ ಕೇಳುತ್ತಾರೆ. ಸಮಸ್ಯೆ ಅಲ್ಲೇ ಇದೆ. ಯೋಜನೆ ನೋಂದಾಯಿಸಿಕೊಳ್ಳುವುದು ಆಸ್ಪತ್ರೆಗಳನ್ನು, ವೈದ್ಯರನ್ನಲ್ಲ. ಹಣ ಕೊಡುವುದು ಒಳರೋಗಿ ಚಿಕಿತ್ಸೆಯ ಪ್ಯಾಕೇಜುಗಳಿಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಮಿತಿಯೇನೋ ಇದೆ. ಆದರೆ ಡಿಸ್ಚಾರ್ಜ್ ನಂತರದ ಖರ್ಚಿಗೆ ಕೇಂದ್ರದ ನಿಯಮ ಕೊಡುವ ಅವಧಿ ಬರೀ 15 ದಿನ. ಪುನಶ್ಚೇತನ ನಡೆಯುವುದು ಹೊರರೋಗಿ ವಿಭಾಗದಲ್ಲಿ, ವಾರಕ್ಕೆ ಮೂರ್ನಾಲ್ಕು ಸಲ, ತಿಂಗಳುಗಟ್ಟಲೆ. ಹಾಗಾಗಿ ಅದೇ ಆಸ್ಪತ್ರೆಯಲ್ಲಿ ಪಿಎಂಆರ್ ವೈದ್ಯರು ಇದ್ದರೂ ಒಪಿಡಿಯಲ್ಲಿ ಜೇಬಿಗೆ ಕೈ ಹಾಕಬೇಕಾಗುತ್ತದೆ.

ವೈದ್ಯರೂ ವಿರಳ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನ ವಿಭಾಗವಿದೆ, ಸೇಂಟ್ ಜಾನ್ಸ್‌ನಲ್ಲಿ ಪಿಎಂಆರ್ ವಿಭಾಗವಿದೆ. ರಾಯಚೂರಿನಿಂದಲೋ ಬೀದರ್‌ನಿಂದಲೋ ಅರ್ಧ ದೇಹ ಸ್ವಾಧೀನವಿಲ್ಲದ ಮನುಷ್ಯನನ್ನು ವಾರವಾರ ಅಲ್ಲಿಗೆ ಕರೆತರುವವರು ಯಾರು? ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಇಷ್ಟಾದರೂ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಹೊಸ ವೈದ್ಯಕೀಯ ಕಾಲೇಜುಗಳಿಗೆ ಹೊರಡಿಸಿದ ಮಾನದಂಡದ ಕಡ್ಡಾಯ ವಿಭಾಗಗಳ ಪಟ್ಟಿಯಲ್ಲಿ ಪಿಎಂಆರ್‌ಗೆ ಜಾಗ ಸಿಗಲಿಲ್ಲ.

ಹೊರರೋಗಿ ಥೆರಪಿಗೆ ವಿಮೆ ಕೊಡಲು ಸಾಧ್ಯವೇ ಇಲ್ಲ ಎನ್ನುವ ಹಾಗೂ ಇಲ್ಲ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಯೋಜನೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಹಾಗೂ ಬಹು ಅಂಗವೈಕಲ್ಯ ಇರುವವರಿಗೆ 1 ಲಕ್ಷ ರೂಪಾಯಿವರೆಗೆ ವಿಮೆ ಕೊಡುತ್ತದೆ. ಅದರಲ್ಲಿ ಒಪಿಡಿಯೂ ಸೇರಿದೆ, ಥೆರಪಿಯೂ ಸೇರಿದೆ. ತತ್ವವನ್ನು ಸರ್ಕಾರ ಆಗಲೇ ಒಪ್ಪಿದೆ. ಲಕ್ವ ಹೊಡೆದವರಿಗೆ, ಬೆನ್ನುಹುರಿಗೆ ಪೆಟ್ಟಾದವರಿಗೆ ಅದನ್ನು ವಿಸ್ತರಿಸಿಲ್ಲ, ಅಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 27ನೇ ಸೆಕ್ಷನ್ ಪುನಶ್ಚೇತನವನ್ನು ಸರ್ಕಾರದ ಹೊಣೆ ಎನ್ನುತ್ತದೆ. ಜೊತೆಗೇ ‘ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ’ ಎಂಬ ಮಾತನ್ನೂ ಸೇರಿಸುತ್ತದೆ. ನುಣುಚಿಕೊಳ್ಳಲು ಅಷ್ಟು ಸಾಕು.

ರಾಜ್ಯ ಸರ್ಕಾರ ಮಾಡಬಹುದಾದ್ದು ಇಷ್ಟು. ಥೆರಪಿಯನ್ನು ಡೇ-ಕೇರ್ ಪ್ಯಾಕೇಜ್ ಮಾಡಿ, ಇಂತಿಷ್ಟು ಸೆಷನ್‌ಗೆ ಇಂತಿಷ್ಟು ಎಂದು ದರ ಕಟ್ಟಲಿ. ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲಾ ಆಸ್ಪತ್ರೆಗಳಲ್ಲಿ ತೆರೆದಿರುವ ಮೆದುಳು ಆರೋಗ್ಯ ಕ್ಲಿನಿಕ್‌ಗಳಿಗೆ ಆ ಕೆಲಸ ವಹಿಸಲಿ. ಪಿಎಂಆರ್ ವೈದ್ಯರು ವಾರಕ್ಕೊಮ್ಮೆ ವೀಡಿಯೊದಲ್ಲಿ ನೋಡಿ ಹೇಳಿದರೂ ಸ್ಥಳೀಯ ಫಿಸಿಯೋಥೆರಪಿಸ್ಟ್‌ಗೆ ದಾರಿ ಸಿಗುತ್ತದೆ.

ಅಲ್ಲಿಯವರೆಗೆ ಮನೆಯವರು ಒಂದು ಕೆಲಸ ಮಾಡಬಹುದು. ಡಿಸ್ಚಾರ್ಜ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಹಿಡಿದು ಕೇಳಿ: ಪುನಶ್ಚೇತನಕ್ಕೆ ಒಳರೋಗಿಯಾಗಿ ಉಳಿಯುವುದಕ್ಕೆ ಪ್ಯಾಕೇಜ್ ಇದೆಯಾ? ಇಲ್ಲದಿದ್ದರೆ ಯಾವ ಸರ್ಕಾರಿ ಆಸ್ಪತ್ರೆಗೆ ರೆಫರಲ್ ಬರೆದುಕೊಡುತ್ತೀರಿ? ಉತ್ತರ ಸಿಗದಿದ್ದರೆ 14555ಕ್ಕೆ ಫೋನ್ ಮಾಡಿ. ಹಾಸಿಗೆ ಬಿಟ್ಟ ಮೇಲೆ ಕೇಳಿದರೆ ಕಾರ್ಡಿಗೆ ಹೆಚ್ಚು ಬೆಲೆ ಇರುವುದಿಲ್ಲ.

ಜೀವ ಉಳಿಸಲು ಲಕ್ಷಗಟ್ಟಲೆ ಖರ್ಚು ಮಾಡುವ ಸರ್ಕಾರ, ಆ ಜೀವ ಮತ್ತೆ ಕರಣೆ ಹಿಡಿಯುವಂತಾಗಲು ಕೆಲವು ಸಾವಿರ ಕೊಡುವುದಿಲ್ಲ ಅಂದರೆ, ಆ ಮನೆಯ ಮಟ್ಟಿಗೆ ಚಿಕಿತ್ಸೆ ಅರ್ಧಕ್ಕೇ ನಿಂತ ಹಾಗೆ.